ಚಾಕು ಯಾವ ಲಿಂಗ?

ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮ್ಮಂಥವರಿಗೆ ವ್ಯಾಕರಣದ ಲಿಂಗ ಬಾಲ್ಯದ ತಲೆನೋವು. ಉರ್ದುವಿನಲ್ಲಿ ಚಾಕು ಪುಲ್ಲಿಂಗ, ಛುರಿ ಸ್ತ್ರೀಲಿಂಗ. ಅದೇ ಛುರಿ ದೊಡ್ಡದಾಗಿ ಛುರಾ ಆದರೆ ಗಂಡಾಗಿಬಿಡುತ್ತದೆ. ದೊಡ್ಡದು ಗಂಡು, ಚಿಕ್ಕದು ಹೆಣ್ಣು ಎಂದು ಸೂತ್ರ ಕಟ್ಟಲು ಹೋದರೆ ಎಲ್ಲಕ್ಕಿಂತ ಉದ್ದನೆಯ ತಲ್ವಾರ್ ಸ್ತ್ರೀಲಿಂಗ! ಕನ್ನಡದಲ್ಲಿ ಈ ರಗಳೆಯಿಲ್ಲ, ಎಲ್ಲವೂ ನಪುಂಸಕ. ಮಡಚುವ ಚಾಕು ಮಾರುವ ಕಂಪನಿಗಳು ಮಾತ್ರ ಇನ್ನೂ ಛುರಾ-ಛುರಿಯ ಪಾಠದಲ್ಲೇ ನಿಂತಿವೆ. ತಲ್ವಾರಿನ ಪುಟವನ್ನು ಅವು ತಿರುವಿದಂತಿಲ್ಲ.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸನ್ನೇ ನೋಡೋಣ. ಕಾರ್ಲ್ ಎಲ್ಸೆನರ್ 1884ರಲ್ಲಿ ತಾಯಿಯ ನೆರವಿನಿಂದ ಇಬಾಖ್‌ನಲ್ಲಿ ಚಾಕು ತಯಾರಿಕೆ ಆರಂಭಿಸಿದ. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಿದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ತನ್ನ ಸರಕಿಗಿಟ್ಟ. ತುಕ್ಕು ಹಿಡಿಯದ ಉಕ್ಕಿನ ಗುರುತಾದ ‘ಇನಾಕ್ಸ್’ 1921ರಲ್ಲಿ ಅದಕ್ಕೆ ಸೇರಿತು. ಅಂದರೆ ಜಗತ್ತಿನ ಅತಿ ಪ್ರಸಿದ್ಧ ಜೇಬಿನ ಚಾಕು ಹೊತ್ತಿರುವುದು ಒಬ್ಬ ತಾಯಿಯ ಹೆಸರನ್ನು. ಆದರೆ ಅದೇ ಕಂಪನಿಯ ಚಾಕುಗಳ ಹೆಸರುಗಳನ್ನು ಓದಿ: ಹಂಟ್ಸ್‌ಮನ್, ಫಿಶರ್‌ಮನ್, ಹ್ಯಾಂಡಿಮನ್, ಸ್ಪೋರ್ಟ್ಸ್‌ಮನ್. ಮೀನಿನ ಚಾಕುವೂ ಗಂಡಸಿನದೇ! ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಕತ್ತಿ ಹಿಡಿದು ಕೂತ ಹೆಂಗಸರು ಇದನ್ನು ಕೇಳಿದರೆ ನಕ್ಕಾರು.

91 ಮಿಲಿಮೀಟರಿನ ಹಂಟ್ಸ್‌ಮನ್‌ನಲ್ಲಿ ಗರಗಸವಿದೆ, ಕತ್ತರಿಯಿದೆ, ಹಿಡಿಯೊಳಗೆ ಸಣ್ಣ ಚಿಮುಟವೂ ಇದೆ. 58 ಮಿಲಿಮೀಟರಿನ ‘ಕ್ಲಾಸಿಕ್’ನಲ್ಲಿ ಕತ್ತರಿ, ಉಗುರು ಉಜ್ಜುವ ಅರ, ಅದೇ ಬಗೆಯ ಚಿಮುಟ. ಬೇಟೆಗಾರನ ಕೈಯಲ್ಲಿ ಚಿಮುಟ ಮುಳ್ಳು ತೆಗೆಯುವ ಸಾಧನ. ಕೀಲಿ ಗೊಂಚಲಿಗೆ ಸಿಕ್ಕಿಸುವ ಚಿಕ್ಕ ಚಾಕುವಿನಲ್ಲಿ ಅದು ಹುಬ್ಬು ತಿದ್ದುವ ಸಾಧನ ಅನ್ನಿಸಿಬಿಡುತ್ತದೆ. ಉಕ್ಕು ಬದಲಾಗಿಲ್ಲ, ಅಳತೆ ಮತ್ತು ಹೆಸರು ಮಾತ್ರ ಬದಲಾಗಿವೆ.

ಹೆಣ್ಣಿಗೆಂದೇ ಮಾರುವ ಗುಲಾಬಿ ಹಿಡಿಯ ಚಾಕುಗಳೂ ಇವೆ. ಬಣ್ಣದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ಮದುವೆಗಳಲ್ಲಿ ಗಂಡಸರೂ ಗುಲಾಬಿ ಪೇಟ ಸುತ್ತಿಕೊಳ್ಳುತ್ತಾರೆ. ಚಿಕ್ಕ ಕೈಗೆ ಒಪ್ಪುವ ಹಿಡಿ ಮಾಡುವುದೂ ತಪ್ಪಲ್ಲ. ತಕರಾರಿರುವುದು ಮಾರುವ ಮಾತಿನ ಬಗ್ಗೆ. ಗಂಡಿಗೆ ಚಾಕು ಮಾರುವಾಗ ಕಾಡು, ಬೆಟ್ಟ, ದುರಸ್ತಿಯ ಮಾತು. ಹೆಣ್ಣಿಗೆ ಮಾರುವಾಗ ಒಂದೋ ಅಂದ, ಇಲ್ಲವೇ ಭಯ. ಅವಳಿಗೂ ಹಗ್ಗ ಕೊಯ್ಯುವುದಿರುತ್ತದೆ, ಸಡಿಲವಾದ ಸ್ಕ್ರೂ ಬಿಗಿಯುವುದಿರುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಇದು ವಿದೇಶಿ ಕಂಪನಿಗಳ ರೋಗ ಮಾತ್ರವಲ್ಲ. ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ‘ನಿರ್ಭೀಕ್’ ರಿವಾಲ್ವರ್ ತಂದಿತು. ತೂಕ ಸುಮಾರು ಅರ್ಧ ಕಿಲೋ, ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕಿ. ಅದನ್ನು ಇಟ್ಟು ಕೊಟ್ಟದ್ದು ಒಡವೆ ಪೆಟ್ಟಿಗೆಯಲ್ಲಿ! ಭಯ, ಅಂದ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು.

ಇನ್ನು ಜೇಬಿನ ವಿಷಯ. ಜೇಬಿನ ಚಾಕು ಎಂದ ಕೂಡಲೇ ಜೇಬಿಲ್ಲದ ಸೀರೆ ಲೆಕ್ಕದಿಂದ ಹೊರಗಾಯಿತು. ಆದರೆ ಜೇಬಿಲ್ಲದಿದ್ದರೂ ನಮ್ಮ ಹಳೆಯ ಕಾಲದ ಹೆಂಗಸರು ಅಲಗನ್ನು ಬಿಟ್ಟಿರಲಿಲ್ಲ. ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿ ಇರುತ್ತಿತ್ತು. ಉರ್ದು ಮನೆಗಳಲ್ಲಿ ಅದು ಸರೋತಾ, ವ್ಯಾಕರಣದಲ್ಲಿ ಪುಲ್ಲಿಂಗ. ಅದೇ ಅಡಕತ್ತರಿ ಗಂಡಸರ ಕೈಯಲ್ಲೂ ಆಡುತ್ತಿತ್ತು. ಇದು ಹೆಂಗಸರದ್ದು, ಇದು ಗಂಡಸರದ್ದು ಎಂದು ಬಣ್ಣ ಬಳಿಯುವ ಅಗತ್ಯ ಕಮ್ಮಾರನಿಗೆ ಕಂಡಿರಲಿಲ್ಲ.

ಈಗ ಹುಡುಗಿಯರು ದರ್ಜಿಗೆ ಹೇಳಿ ಕುರ್ತಾಗಳಿಗೆ ಜೇಬು ಹೊಲಿಸಿಕೊಳ್ಳುತ್ತಿದ್ದಾರೆ. ಅದರಲ್ಲಿ ಮೊಬೈಲು ಹಿಡಿಸುತ್ತದೆ. ಆ ಲೆಕ್ಕಕ್ಕೆ 91 ಮಿಲಿಮೀಟರಿನ ಚಾಕುವೂ ಹಿಡಿಸುತ್ತದೆ.