ಕೈಗೆ ಕೈಯಿತ್ತ ಶಾಸನ

ಶ್ರವಣಬೆಳಗೊಳದ ಕಲೆಯನ್ನು ಕುರಿತು ಬರೆದವರು ವಿಂಧ್ಯಗಿರಿಯ ಗೊಮ್ಮಟನನ್ನೂ ಚಂದ್ರಗುಪ್ತ ಬಸದಿಯ ಜಾಲಂಧ್ರಗಳನ್ನೂ ಜೈನಮಠದ ಭಿತ್ತಿಚಿತ್ರಗಳನ್ನೂ ಮನದಣಿಯೆ ವರ್ಣಿಸಿದ್ದಾರೆ. ಭಂಡಾರಿ ಬಸದಿಯ ಬಳಿಯ, 1368ರ ಬುಕ್ಕರಾಯನ ಶಾಸನ ಮಾತ್ರ ಚರಿತ್ರಕಾರರ ಪಾಲಿಗೆ ಉಳಿದಿದೆ. ಸಮಾರಂಭಗಳಲ್ಲಿ ಅದನ್ನು ಸರ್ವಧರ್ಮ ಸಮನ್ವಯದ ಕುರುಹೆಂದು ಒಂದು ವಾಕ್ಯದಲ್ಲಿ ಹೊಗಳಿ ಮುಂದೆ ಸಾಗುವುದು ವಾಡಿಕೆ. ಕನ್ನಡನಾಡಿನಲ್ಲಿ ಮಾನವ ಹಕ್ಕುಗಳ ಪರಂಪರೆಯನ್ನು ಅರಸುವವರಿಗೆ ಈ ಹೊಗಳಿಕೆ ಸಾಲದು. ಶಾಸನವನ್ನು ಒಂದು ಕೃತಿಯೆಂದು ಭಾವಿಸಿ ಮೊದಲಿನಿಂದ ಕೊನೆಯವರೆಗೆ ಓದಬೇಕು.

ಓದತೊಡಗಿದೊಡನೆ ಒಂದು ವಿಚಿತ್ರ ಎದುರಾಗುತ್ತದೆ. ಜೈನರಿಗೆ ಅಭಯವೀಯುವ ಈ ಬರಹ ತೆರೆದುಕೊಳ್ಳುವುದು ರಾಮಾನುಜರ ಸ್ತುತಿಯಿಂದ. ಅದರಲ್ಲಿ ಪಾಷಂಡಿಗಳ ಪಾಲಿಗೆ ಅವರು ಬೆಂಕಿಯೆಂಬ ರೂಪಕವಿದೆ. ಆ ಕಾಲದ ಮತೀಯ ಪರಿಭಾಷೆಯಲ್ಲಿ ಪಾಷಂಡಿಗಳೆಂದರೆ ಜೈನರೂ ಸೇರಿದವರೇ. ಬರೆದವನಿಗೆ ಇದು ಹೊಳೆಯಿತೋ ಇಲ್ಲವೋ! ಸಮನ್ವಯವನ್ನು ಕೊಂಡಾಡುವವರು ಈ ಶ್ಲೋಕವನ್ನು ದಾಟಿಯೇ ಹೋಗುತ್ತಾರೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸುತ್ತಾರೆ. ಅರಸನು ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿರಿಸುತ್ತಾನೆ. ಶಾಸನದ ಒಣ ಗದ್ಯದಲ್ಲಿ ಇದೊಂದು ಜೀವಂತ ಚಿತ್ರ. ಇನ್ನೊಬ್ಬರ ಅಂಗೈಯ ಬಿಸಿ ತಾಗದೆ ಒಪ್ಪಂದವಾಗದೆಂಬುದನ್ನು ಬರೆದವನು ಬಲ್ಲ. ಜೈನದರ್ಶನಕ್ಕೆ ಒದಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂಬ ವಿಧಿಗೆ ಬಲ ಬರುವುದು ಈ ಚಿತ್ರದಿಂದಲೇ.

ದೊರೆತ ಹಕ್ಕಾದರೂ ಯಾವುದು? ಪಂಚಮಹಾವಾದ್ಯ ಮತ್ತು ಕಲಶ. ಇಂದಿನವರಿಗೆ ಇವು ಬರಿಯ ಉತ್ಸವದ ಅಲಂಕಾರವಾಗಿ ತೋರಬಹುದು. ಆದರೆ ಮೌನವಾಗಿ ಬದುಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೀದಿಯಲ್ಲಿ ನಾದವೆಬ್ಬಿಸಿ, ತಲೆಯೆತ್ತಿ ನಡೆಯಲು ಬೇಕಿತ್ತು. ಇನ್ನು ರಕ್ಷಣೆಯ ವೆಚ್ಚವನ್ನು ಹೊತ್ತವರು ಜೈನರೇ: ಮನೆಗೆ ವರ್ಷಕ್ಕೊಂದು ಹಣ. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರು, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ. ಹೊಣೆಗಾರ ತಿರುಮಲೆಯ ತಾತಯ್ಯ. ನೊಂದವರೇ ಕಾಣಿಕೆ ತೆರಬೇಕಾದುದು ನ್ಯಾಯವೆನಿಸದು. ಪ್ರಬಲ ಪಕ್ಷದವನನ್ನೇ ಕಾವಲಿಗೆ ಹೊಣೆ ಮಾಡಿದುದರಲ್ಲಿ ಜಾಣತನವಂತೂ ಉಂಟು.

ಅರಸನ ಮುಂದೆ ಕೂಡಿದವರ ಪಟ್ಟಿಯಲ್ಲಿ ಆಚಾರ್ಯರು, ಸಾಮಂತರಷ್ಟೇ ಅಲ್ಲ, ತಿರುಕುಲದವರೂ ಜಾಂಬವಕುಲದವರೂ ಇದ್ದಾರೆ. ಸಮಾಜದ ಅಂಚಿನಲ್ಲಿದ್ದ ಈ ಜನ ಕೊಟ್ಟ ಮಾತಿನಲ್ಲಿ ಪಾಲುದಾರರು. ಸ್ಮರಣ ಸಂಚಿಕೆಗಳ ಸಂಗ್ರಹಗಳಲ್ಲಿ ಬಹುಮಟ್ಟಿಗೆ ಕೈಬಿಟ್ಟುಹೋಗುವ ಹೆಸರುಗಳೂ ಇವೇ. ಬಸದಿಗೆ ಬರುವ ಯಾತ್ರಿಕರಿಗಾಗಿ ಟ್ರಸ್ಟುಗಳು ಶಾಸನದ ಸಾರವನ್ನು ಬರೆಸುವುದಾದರೆ, ಮೊದಲ ಶ್ಲೋಕವನ್ನೂ ಈ ಹೆಸರುಗಳನ್ನೂ ಬಿಡದೆ ಬರೆಸಬೇಕು.

ಕೊನೆಯಲ್ಲಿ ಒಂದು ಪುಟ್ಟ ಸೇರ್ಪಡೆಯಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದನಂತೆ. ಆ ಸೆಟ್ಟಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದವರು ಎರಡೂ ಸಮಯದವರು ಕೂಡಿ.