ಮುಳುಗಿದವರು ಘಟ್ಟ ಹತ್ತುವ ಮುನ್ನ

ನೀರಿಗೆ ಅಂಜುವವರಿಗಿಂತ ಅಂಜದವರಿಗೆ ಸ್ಕೂಬಾ ಕಲಿಸುವುದು ಕಷ್ಟ. ಸಾಂಗಲಿ ಬಳಿಯ ವಾರಣಾ ನದಿದಂಡೆಯ ಊರುಗಳಲ್ಲಿ ಹೀಗಂದರೆ ಯಾರೂ ಒಪ್ಪುವುದಿಲ್ಲ. ಸಮಡೋಳಿ, ಕವಠೇಪಿರಾನ, ದೂಧಗಾಂವದ ಹುಡುಗರು ಪಾಟಿ-ಪೆನ್ಸಿಲ್ಲು ಹಿಡಿಯುವ ವಯಸ್ಸಿಗೇ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಬಾವಿಗೆ ಬಿದ್ದವರು. ಅವರ ಅಜ್ಜಂದಿರು ಡಬ್ಬಿಯ ಬದಲು ಒಣಗಿದ ಬುರುಡೆ ಕಟ್ಟಿಕೊಳ್ಳುತ್ತಿದ್ದರು. (ಮಿರಜಿನಲ್ಲಿ ತಂಬೂರಿ ಮಾಡುವವರಿಗೂ ಬುರುಡೆಯೇ ಬೇಕು, ನಮ್ಮ ಕಡೆ ಸಂಗೀತ, ಈಜು ಎರಡೂ ತೇಲುವುದು ಬುರುಡೆಯ ಮೇಲೆಯೇ.) ಸಾಂಗಲಿಯ ಕೃಷ್ಣೆಯಲ್ಲಿ ಹೋಡಿಯ ಪಂದ್ಯ ನಡೆದಾಗ ಹುಟ್ಟು ಹಾಕಲು ಇಳಿಯುವವರೂ ಇಂಥ ನದಿದಂಡೆಯ ಊರಿನವರೇ. ಇಂಥವನೊಬ್ಬ ನನ್ನನ್ನು ಕೇಳಿದ್ದ: “ಕಾಕಾ, ಈ ದಂಡ್ಯಾಗ ಮುಳುಗಿ ಆ ದಂಡ್ಯಾಗ ಏಳ್ತೀನಿ. ನನಗ ಇನ್ನೇನ ಕಲಸ್ತಾರ ಅವರು?”

ಅವನಿಗೆ ಕಲಿಸುವುದಕ್ಕಿಂತ ಮರೆಸುವುದೇ ಹೆಚ್ಚು. ನದಿಯಲ್ಲಿ ಮುಳುಗುವವನ ಮೊದಲ ವಿದ್ಯೆ ಉಸಿರು ಕಟ್ಟುವುದು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಲ್ಲಿ ಮೊದಲ ನಿಷೇಧವೇ ಅದು.

ಕಾರಣ ತಿಳಿದುಕೊಂಡರೆ ನಿಯಮ ಮರೆಯುವುದಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. ಮೇಲೆ ಉಸಿರು ತುಂಬಿಕೊಂಡು, ಕಟ್ಟಿ, 10 ಮೀಟರ್ ಇಳಿದವನ ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅವನು ಮೇಲೆದ್ದರೆ ಮತ್ತೆ ಮೊದಲಿನಷ್ಟೇ ಆಗುತ್ತದೆ, ಅಪಾಯವಿಲ್ಲ. ಸಿಲಿಂಡರ್ ಹೊತ್ತವನ ಲೆಕ್ಕ ಬೇರೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಸೇರಿ ರೂಪಿಸಿದ ರೆಗ್ಯುಲೇಟರಿನ ಜಾಣತನವೆಂದರೆ, ನೀವು ಯಾವ ಆಳದಲ್ಲಿದ್ದೀರೋ ಆ ಆಳದ ಒತ್ತಡದಲ್ಲೇ ಅದು ಗಾಳಿ ಕೊಡುತ್ತದೆ. ಅಂದರೆ 10 ಮೀಟರ್ ಕೆಳಗೂ ಎದೆ ಪೂರ್ತಿ ತುಂಬಿರುತ್ತದೆ. ಆ ಗಾಳಿಯನ್ನು ಕಟ್ಟಿಕೊಂಡು ಮೇಲೆದ್ದರೆ ಅದು ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶಕ್ಕೆ ಹರಿಯುವುದೊಂದೇ ದಾರಿ. ಇದಕ್ಕೆ ಕಡಲೇ ಬೇಕೆಂದಿಲ್ಲ, ಈಜುಕೊಳದ ಆಳವೂ ಸಾಕು. ಮಾಸ್ಕಿನೊಳಗೆ ನೀರು ನುಗ್ಗಿದ ಕೂಡಲೇ ನಮ್ಮ ಬಾವಿಯ ಹುಲಿ ಏನು ಮಾಡುತ್ತಾನೆ? ಬಾಯಿ ಬಿಗಿದು, ನೆಲ ಒದ್ದು, ಬಾಣದ ಹಾಗೆ ಮೇಲೇಳುತ್ತಾನೆ. ಹತ್ತು ವರ್ಷ ಅವನನ್ನು ಕಾಯ್ದ ಚಾಳಿ ಇಲ್ಲಿ ಅವನನ್ನು ಕೊಲ್ಲಬಲ್ಲದು. ಅಂಜುಬುರುಕ ಪಾಪ, ಶಿಕ್ಷಕ ಹೇಳಿದ್ದನ್ನಷ್ಟೇ ಮಾಡುತ್ತಾನೆ.

ಸಾಂಗಲಿ-ಮಿರಜಿನವರಿಗೆ ಸ್ಕೂಬಾ ಎಂದರೆ ನೆನಪಾಗುವ ಕಡಲು ಮಾಲವಣ. ಅಲ್ಲಿ ಎರಡು ಬಗೆಯ ವ್ಯಾಪಾರವಿದೆ, ಎರಡಕ್ಕೂ ಹೆಸರು ಸ್ಕೂಬಾವೇ. ಒಂದು, ಸಿಂಧುದುರ್ಗ ಕೋಟೆಯ ಆಸುಪಾಸಿನಲ್ಲಿ ದೋಣಿ ನಿಲ್ಲಿಸಿ, ಏಣಿಯಿಂದ ಇಳಿಸಿ, ಮಾರ್ಗದರ್ಶಿ ನಿಮ್ಮನ್ನು ಹಿಡಿದುಕೊಂಡೇ ಸ್ವಲ್ಪ ಆಳದಲ್ಲಿ ತಿರುಗಾಡಿಸಿ, ವಿಡಿಯೋ ತೆಗೆದು ಮೇಲೆ ತರುವುದು. ಈಜು ಬಾರದವರೂ ಹೋಗುತ್ತಾರೆ. ನಾನು ಅದನ್ನು ಬೇಡವೆನ್ನುವುದಿಲ್ಲ. ಜಾತ್ರೆಯ ತೊಟ್ಟಿಲಲ್ಲಿ ಕೂತವನು ಹಾರಲು ಕಲಿತೆ ಎಂದುಕೊಳ್ಳದಿದ್ದರೆ ಆಯಿತು. ಇನ್ನೊಂದು, ನಿಜವಾದ ಕೋರ್ಸು. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ್ದೇ ಒಂದು ಸ್ಕೂಬಾ ತರಬೇತಿ ಸಂಸ್ಥೆ ಇದೆ, ಖಾಸಗಿ ಡೈವ್ ಶಾಪುಗಳೂ ಇವೆ.

ಹೆಚ್ಚಿನವರು ಕಲಿಸುವುದು ಪಾಡಿ ಸಂಸ್ಥೆಯ ಪಾಠಕ್ರಮ. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಮೊದಲ ಮೆಟ್ಟಿಲು ಓಪನ್ ವಾಟರ್ ಕೋರ್ಸು. ಓದು, ಪರೀಕ್ಷೆ, ಈಜುಕೊಳದಲ್ಲಿ 5 ಪಾಠ, ಕಡಲಲ್ಲಿ 4 ಮುಳುಗು. 200 ಮೀಟರ್ ಈಜಬೇಕು, 10 ನಿಮಿಷ ಏನೂ ಹಿಡಿಯದೆ ತೇಲಬೇಕು. ಇವೆರಡರಲ್ಲಿ ನಮ್ಮ ಹುಡುಗರನ್ನು ಯಾರೂ ಮೀರಿಸಲಾರರು. ಮುಗಿದ ಮೇಲೆ ಸಿಗುವ ಕಾರ್ಡು 18 ಮೀಟರ್ ಆಳದವರೆಗೆ, ಜೊತೆಗಾರನೊಂದಿಗೆ ಇಳಿಯಲು. ಒಬ್ಬನೇ ಇಳಿಯಲು ಅಲ್ಲ.

ಶಾಪು ಆರಿಸುವಾಗ ದರಪಟ್ಟಿಗಿಂತ ಮೊದಲು ಹಿತ್ತಿಲು ನೋಡಿ. ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಅಲ್ಲಿರುತ್ತದೆ. ಅದು ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ? ಜನರೇಟರಿನ ಹೊಗೆಯ ಪಕ್ಕದಲ್ಲಿದ್ದರೆ ಆ ಹೊಗೆಯನ್ನೇ ನೀವು ನೀರಿನಡಿ ಸೇದುತ್ತೀರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಸಿಲಿಂಡರಿನ ಹೆಗಲ ಮೇಲೆ ಒತ್ತಡದ ಪರೀಕ್ಷೆ (ಹೈಡ್ರೋ ಟೆಸ್ಟ್) ಆದ ತಿಂಗಳು, ವರ್ಷ ಅಚ್ಚೊತ್ತಿರುತ್ತದೆ. ಬಗ್ಗಿ ಓದಿ, ನಾಚಿಕೆ ಬೇಡ. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ ಕೇಳಿ. ಒಬ್ಬ ಶಿಕ್ಷಕನಿಗೆ ಎಷ್ಟು ವಿದ್ಯಾರ್ಥಿಗಳು? ಪಾಡಿಯ ಮೇಲ್ಮಿತಿ 8, ಮಬ್ಬು ನೀರಿನ ನಮ್ಮ ಪಡುವಣ ಕಡಲಿಗೆ 4 ಮೀರಿದರೆ ನನಗೆ ಸಮಾಧಾನವಿಲ್ಲ. ಎಲ್ಲಕ್ಕಿಂತ ಮುಖ್ಯ, ಆರೋಗ್ಯದ ಪ್ರಶ್ನಾವಳಿ. ದಮ್ಮು, ಕಿವಿಯ ಆಪರೇಷನ್, ಹೃದಯದ ತೊಂದರೆ, ಈಗಷ್ಟೇ ಬಂದ ನೆಗಡಿ — ಇವನ್ನೆಲ್ಲ ಕೇಳದೆ ದುಡ್ಡೆಣಿಸುವ ಶಾಪಿನಿಂದ ಎದ್ದು ಬನ್ನಿ. “ಇವತ್ತು ನೆಗಡಿ ಇದೆ, ಇಳಿಸಲ್ಲ, ನಾಳೆ ಬನ್ನಿ” ಎನ್ನುವವನೇ ಒಳ್ಳೆಯ ಗುರು. ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು, ಅಂದರೆ ಮೂಗು ಹಿಡಿದು ಮೆಲ್ಲಗೆ ಊದುವುದು, ಮೊದಲ ಒಂದೆರಡು ಮೀಟರಿನಿಂದಲೇ ಶುರುವಾಗಬೇಕು. ನೆಗಡಿಯಲ್ಲಿ ಅದು ಸಾಧ್ಯವಿಲ್ಲ. ಹಟ ಹಿಡಿದರೆ ಕಿವಿತಮಟೆ ಹರಿಯುತ್ತದೆ.

ಮುಳುಗಲೆಂದು ಮೈಗೆ ಕಟ್ಟಿಕೊಳ್ಳುವ ಸೀಸದ ವಿಷಯವನ್ನೂ ಹೇಳಬೇಕು. ನದಿಯ ನೀರಿಗಿಂತ ಕಡಲ ನೀರು ನೂರಕ್ಕೆ ಎರಡೂವರೆಯಷ್ಟು ಭಾರ. ಸಲಕರಣೆಯೆಲ್ಲ ಸೇರಿ 100 ಲೀಟರಿನಷ್ಟು ಜಾಗ ಹಿಡಿಯುವವನಿಗೆ ವಾರಣಾದಲ್ಲಿ ಬೇಕಾದದ್ದಕ್ಕಿಂತ ಎರಡೂವರೆ ಕಿಲೋ ಸೀಸ ಹೆಚ್ಚು ಕಟ್ಟಬೇಕು. ಊರಲ್ಲಿ ಕಲ್ಲಿನಂತೆ ಮುಳುಗುವವನು ಮಾಲವಣದಲ್ಲಿ ಬೆಂಡಿನಂತೆ ತೇಲಿ, ಸಿಟ್ಟಿಗೆದ್ದು, ಸಿಕ್ಕಷ್ಟು ಸೀಸ ಸಿಕ್ಕಿಸಿಕೊಂಡು ತಳದ ಮಣ್ಣು ಕೆದರುತ್ತಾನೆ. ಮುಳುಗದೆ, ಏಳದೆ, ನಡುನೀರಲ್ಲಿ ಉಸಿರಿನಿಂದಲೇ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ಆಡಲು ಬಂದ ದಿನ ಈ ವಿದ್ಯೆ ಕೈಹತ್ತಿತು ಎನ್ನಬಹುದು. ಆಳ ಎಷ್ಟು ಮುಟ್ಟಿದಿರಿ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಕನ್ನಡದಲ್ಲೇ ಕೇಳಿ ಕಲಿಯಬೇಕೆಂದರೆ ಮುರುಡೇಶ್ವರ. ಅಲ್ಲಿನ ಶಾಪುಗಳು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಒಯ್ಯುತ್ತವೆ. ದಂಡೆಯಿಂದ ಸುಮಾರು 19 ಕಿ.ಮೀ. ಒಳಗಿರುವುದರಿಂದ ನೀರು ಮಾಲವಣಕ್ಕಿಂತ ತಿಳಿ. ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸುತ್ತಿದ್ದ ಈ ಗುಡ್ಡದ ಬುಡದಲ್ಲಿ ಗಿಳಿಮೀನು, ಚಿಟ್ಟೆಮೀನು, ಬಂಡೆಸಂದಿನ ಮೋರೆ ಹಾವುಮೀನು ಎಲ್ಲ ಇವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಳಿದದ್ದು ಇಲ್ಲಿಯೇ, ಆಮೇಲೆ ಬಂದ ಜನರಿಗೆ ಲೆಕ್ಕವಿಲ್ಲ. ನನ್ನ ಮತ ಕೇಳಿದರೆ, ಕಲಿಯುವುದು ಎಲ್ಲೇ ಆಗಲಿ, ಕಲಿತದ್ದನ್ನು ಸವಿಯುವುದು ನೇತ್ರಾಣಿಯಲ್ಲಿ.

ಮೀನಿನ ಮಾತು ಬಂತು. ಸಮಡೋಳಿ ಜೈನರ ಊರು. 1924ರಲ್ಲಿ ಶಾಂತಿಸಾಗರ ಮುನಿಗಳಿಗೆ ಆಚಾರ್ಯ ಪದವಿ ಸಿಕ್ಕಿದ್ದು ಅಲ್ಲಿ. ನೀರೇ ಜೀವ ಎಂದು ಗಾಳಿಸಿ ಕುಡಿಯುವ ಮನೆಗಳಲ್ಲಿ “ಕಡಲಿಗಿಳಿದು ಮೀನು ನೋಡಿ ಬರ್ತೀನಿ” ಎಂದರೆ ಅಜ್ಜಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಮಾಲವಣಕ್ಕೆ ಹೋಗುವ ಮಿಕ್ಕವರಿಗೆಲ್ಲ ಮೀನು ತಾಟಿನಲ್ಲಿ ಕಾಣುವಾಗ, ನಮ್ಮವರಿಗಷ್ಟೇ ಅದು ತನ್ನ ಮನೆಯಲ್ಲಿದ್ದಾಗ ಕಾಣುವುದು. ಒಳ್ಳೆಯ ಡೈವರಿನ ಶೀಲವೂ ಇದೇ: ಮುಟ್ಟಬೇಡ, ಹವಳದ ಮೇಲೆ ನಿಲ್ಲಬೇಡ, ಚಿಪ್ಪು ತರಬೇಡ. ವಿಡಿಯೋದಲ್ಲಿ ಮೀನು ಮುತ್ತಿಕೊಳ್ಳಲೆಂದು ಕೆಲವು ದೋಣಿಯವರು ಬ್ರೆಡ್ಡು, ಬಿಸ್ಕಿಟು ಎಸೆಯುತ್ತಾರೆ. ಬೇಡವೆಂದು ಹೇಳಿ. ಬಂಡೆಯ ಪಾಚಿ ತಿನ್ನಬೇಕಾದ ಮೀನಿಗೆ ಮೈದಾ ರೂಢಿ ಮಾಡಿಸುವುದು ಯಾವ ದಯೆಯೂ ಅಲ್ಲ.

ಇನ್ನೊಂದು ಎಚ್ಚರ. 2019ರ ಆಗಸ್ಟಿನ ಮಹಾಪೂರದಲ್ಲಿ ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿತು. ಆಮೇಲೆ ನಮ್ಮ ತರುಣರಲ್ಲಿ ಹಲವರಿಗೆ ಸ್ಕೂಬಾ ಕಲಿತು ಊರಿಗೆ ಉಪಕಾರ ಮಾಡುವ ಹಂಬಲ ಬಂತು. ಹಂಬಲ ದೊಡ್ಡದು. ಆದರೆ ಪೂರದ ನೀರಿನಲ್ಲಿ ಕೈ ಕಾಣುವುದಿಲ್ಲ, ಸೆಳೆತಕ್ಕೆ ಲೆಕ್ಕವಿಲ್ಲ, ಕೆಳಗೆ ತಂತಿಬೇಲಿ, ಕಬ್ಬಿನ ಗದ್ದೆ, ಮರದ ಕೊಂಬೆ. ಅಲ್ಲಿ ಇಳಿಯುವವರ ತರಬೇತಿಯೇ ಬೇರೆ, ಹಗ್ಗ ಹಿಡಿದು ಮೇಲೆ ನಿಲ್ಲುವವರೂ ಬೇರೆ. ನಾಲ್ಕು ಮುಳುಗಿನ ಕಾರ್ಡು ಹಿಡಿದು ಆಗಸ್ಟಿನ ವಾರಣಾಕ್ಕೆ ಇಳಿಯುವವನು ನೆರವಾಗುವುದಿಲ್ಲ, ಹುಡುಕಬೇಕಾದವರ ಪಟ್ಟಿಗೆ ಒಂದು ಹೆಸರು ಸೇರಿಸುತ್ತಾನೆ.

ಕಡಲ ದಂಡೆಯವರು ತಾವಾಗಿ ಹೇಳದ, ಘಟ್ಟದ ಮೇಲಿನವರು ಕೇಳಲೇಬೇಕಾದ ಸಂಗತಿಯನ್ನು ಕೊನೆಗಿಟ್ಟಿದ್ದೇನೆ. ಆಳದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ. ನಿಧಾನಕ್ಕೆ ಮೇಲೆದ್ದು, 5 ಮೀಟರಿನಲ್ಲಿ 3 ನಿಮಿಷ ನಿಂತು ಬಂದರೂ ಪೂರ್ತಿ ಹೊರಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಹೊರಗಿನ ಒತ್ತಡ ಇನ್ನೂ ಇಳಿದರೆ ಅದು ಗುಳ್ಳೆಯಾಗುತ್ತದೆ. ಕೀಲುನೋವು, ಜುಮ್ಮು, ಕೆಟ್ಟರೆ ಪಾರ್ಶ್ವವಾಯು. ಅದಕ್ಕೇ ಒಂದು ಮುಳುಗಿನ ಮೇಲೆ 12 ಗಂಟೆ, ಹಲವು ಮುಳುಗಿನ ಮೇಲೆ 18 ಗಂಟೆ ವಿಮಾನ ಹತ್ತಬೇಡಿ ಎನ್ನುತ್ತಾರೆ. “ನಾವು ಕಾರಿನಲ್ಲಿ ಹೋಗೋರು, ವಿಮಾನ ಎಲ್ಲಿ ಬಂತು?” ಎಂದು ನಗಬೇಡಿ. ಆ ನಿಯಮ ಹಿಡಿದಿರುವುದು 600 ಮೀಟರ್ ಮೇಲಿನ ಎತ್ತರಕ್ಕೆ. ಊರಿಗೆ ಮರಳುವ ದಾರಿಯ ಆಂಬೋಲಿ ಘಟ್ಟ 690 ಮೀಟರ್. ಗಗನಬಾವಡಾ ಹೆಚ್ಚುಕಡಿಮೆ ಅಷ್ಟೇ. ಸಾಂಗಲಿಯೇ ಸುಮಾರು 550 ಮೀಟರ್ ಎತ್ತರದಲ್ಲಿದೆ, ಅಮೆರಿಕದ ನೌಕಾಪಡೆಯ ಕೋಷ್ಟಕವಂತೂ 300 ಮೀಟರಿನಿಂದಲೇ ಗಂಟೆ ಎಣಿಸತೊಡಗುತ್ತದೆ. ಗೋವಾದಲ್ಲಿ ಮುಳುಗಿ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಕ್ಯಾಸಲ್‌ರಾಕಿನ ಘಟ್ಟ ಹತ್ತಿ ಮಿರಜಿಗೆ ಬರುವವರಿಗೂ ಇದೇ ಲೆಕ್ಕ.

ಕೋಟೆಯ ಬುಡದಲ್ಲಿ ಐದಾರು ಮೀಟರ್ ಇಳಿದು ಬಂದವರು ಇದಕ್ಕೆ ಅಷ್ಟಾಗಿ ಹೆದರಬೇಕಿಲ್ಲ, ಅಷ್ಟರಲ್ಲಿ ಕರಗುವುದು ತೀರ ಕಡಿಮೆ. ಕೋರ್ಸಿನ ಕೊನೆಯ ದಿನ 18 ಮೀಟರಿನವರೆಗೆ ಎರಡು ಮುಳುಗು ಹಾಕಿ, ಊಟ ಮಾಡಿ, ಸೋಮವಾರ ಡ್ಯೂಟಿ ಇದೆಯೆಂದು ಸಂಜೆಯೇ ಘಟ್ಟ ಹತ್ತುವವರ ಚಿಂತೆ ನನಗೆ. ಹಾಗೆ ಬಂದು ಮರುದಿನ ಹೆಗಲೋ ಮೊಣಕಾಲೋ ನೋಯತೊಡಗಿದರೆ ಮುಲಾಮು ಹಚ್ಚುತ್ತ ಕೂರಬೇಡಿ. 1894ರಲ್ಲಿ ವಾನ್‌ಲೆಸ್ ಆಸ್ಪತ್ರೆ ಶುರುವಾದಾಗಿನಿಂದ ಮಿರಜು ವೈದ್ಯರ ಊರು, ಆದರೆ ಕಬ್ಬಿನ ನಾಡಿನ ವೈದ್ಯರಿಗೆ ಮುಳುಗುಗಾರರ ಕಾಯಿಲೆ ದಿನವೂ ಎದುರಾಗುವುದಿಲ್ಲ. ಒಳಗೆ ಹೋದ ಕೂಡಲೇ “ನಿನ್ನೆ ಕಡಲಲ್ಲಿ ಸ್ಕೂಬಾ ಮಾಡಿದೆ, ಇಷ್ಟು ಆಳ, ಇಷ್ಟು ಹೊತ್ತು” ಎಂದು ನೀವೇ ಹೇಳಬೇಕು.

ಮಳೆಗಾಲದಲ್ಲಿ ಮಾಲವಣ, ಮುರುಡೇಶ್ವರ ಎರಡರಲ್ಲೂ ನೀರಿಗೆ ಇಳಿಸುವುದಿಲ್ಲ; ಅಕ್ಟೋಬರಿನಿಂದ ಮೇ ತನಕ ಕಾಲ. ನಾಲ್ಕು ದಿನದ ಕೋರ್ಸಿಗೆ ಐದು ದಿನದ ರಜೆ ಹಾಕಿ, ಕೊನೆಯ ರಾತ್ರಿಯನ್ನೂ ಕಡಲ ದಂಡೆಯಲ್ಲೇ ಮಲಗಿ ಕಳೆಯಿರಿ.