ಹನ್ನೊಂದನೆಯ ಹೆಸರು

ಬೆಟ್ಟದಪುರದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಹತ್ತಿರ ರಾತ್ರಿಯಿಡೀ ಯಾರಾದರೂ ಒಬ್ಬರು ಎದ್ದಿರಲೇಬೇಕು. ಬೆಂಕಿ ಹೆಚ್ಚಾದರೂ ಸೊಪ್ಪು ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ನಿದ್ದೆ ಬಾರದಿರಲು ಮಾತು ಬೇಕು. ನನ್ನ ಸೋದರಮಾವನಿಗೆ ಇದ್ದ ಮಾತು ಒಂದೇ: ಕರ್ನಾಟಕದ ಸಾರ್ವಕಾಲಿಕ ಕ್ರಿಕೆಟ್ ತಂಡ. ಸೌದೆ ಒಳಕ್ಕೆ ತಳ್ಳುತ್ತಾ ಅವರು ಹೆಸರು ಹೇಳುತ್ತಿದ್ದರು, ನಾನು ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಹತ್ತು ಹೆಸರಿಗೆ ಹತ್ತು ನಿಮಿಷ ಹಿಡಿಯುತ್ತಿರಲಿಲ್ಲ. ಹನ್ನೊಂದನೆಯದಕ್ಕೆ ಬೆಳಗಾಗುತ್ತಿತ್ತು.

“ಹತ್ತು ಜನರನ್ನ ಯಾರು ಬೇಕಾದ್ರೂ ಬರೀತಾರೆ ಕಣೋ. ಹನ್ನೊಂದನೆಯವ್ನು ಯಾರು, ಯಾಕೆ, ಅದನ್ನ ಹೇಳು” ಎನ್ನುತ್ತಿದ್ದರು ಮಾವ.

ಕನ್ನಡ ಸಾಹಿತ್ಯ ಚರಿತ್ರೆಗಳು ಕವಿಗಳನ್ನು ಹೇಗೆ ಆರಿಸಿಕೊಂಡವು ಎಂಬ ವಿಷಯದ ಮೇಲೆ ಈಗ ಸಂಶೋಧನೆ ಮಾಡುತ್ತಿರುವ ನನಗೆ, ವಿಮರ್ಶೆಯ ಮೊದಲ ಪಾಠ ಆ ಬ್ಯಾರನ್ ಮುಂದೆಯೇ ಆಯಿತು ಅನ್ನಿಸುತ್ತದೆ. ಸಾರ್ವಕಾಲಿಕ ತಂಡ ಕಟ್ಟುವುದನ್ನು ನಾವು ಕಾಲಹರಣದ ಆಟ ಎಂದುಕೊಂಡಿದ್ದೇವೆ. ಆದರೆ ಯಾರು ಉಳಿಯಬೇಕು, ಯಾರನ್ನು ಬಿಡಬಹುದು, ಯಾವ ಅಳತೆಯಿಂದ ಎಂಬ ಮೂರು ಪ್ರಶ್ನೆಗಳನ್ನು ಅದು ಒಟ್ಟಿಗೇ ಕೇಳುತ್ತದೆ. ಸಾಹಿತ್ಯ ಚರಿತ್ರೆ ಬರೆಯುವವರು ಕೇಳಿಕೊಳ್ಳುವುದೂ, ಎಷ್ಟೋ ಸಲ ಕೇಳಿಕೊಳ್ಳದೆ ತಪ್ಪಿಸಿಕೊಳ್ಳುವುದೂ ಇದೇ ಮೂರನ್ನು.

ಮೊದಲು ಆ ಹತ್ತು ಹೆಸರು. ಆರಂಭಕ್ಕೆ ಕೆ.ಎಲ್. ರಾಹುಲ್, ರೋಜರ್ ಬಿನ್ನಿ. ಆಮೇಲೆ ರಾಹುಲ್ ದ್ರಾವಿಡ್, ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್. ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ. ಬೌಲಿಂಗಿಗೆ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ಇ.ಎ.ಎಸ್. ಪ್ರಸನ್ನ, ಬಿ.ಎಸ್. ಚಂದ್ರಶೇಖರ್. ಆರಂಭಿಕರ ವಿಷಯದಲ್ಲಿ ಮಯಾಂಕ್ ಅಗರವಾಲ್ ಹೆಸರೆತ್ತಿ ಸ್ವಲ್ಪ ಜಗಳವಾಡಬಹುದು. ಉಳಿದವರ ಬಗ್ಗೆ ಯಾರೂ ಜಗಳವಾಡುವುದಿಲ್ಲ. ದ್ರಾವಿಡ್ ಅವರ 13,288 ಟೆಸ್ಟ್ ರನ್, ಕುಂಬ್ಳೆಯವರ 619 ವಿಕೆಟ್ ವಾದಕ್ಕೆ ಎಡೆಗೊಡುವುದಿಲ್ಲ. ಬ್ಯಾಟಿಂಗ್ ಸರದಿಯಲ್ಲಿ ಕೊನೆಯವರು ಯಾರು ಎಂಬುದೂ ಖಚಿತ. 58 ಟೆಸ್ಟುಗಳಲ್ಲಿ ಚಂದ್ರಶೇಖರ್ ತೆಗೆದದ್ದು 242 ವಿಕೆಟ್, ಹೊಡೆದದ್ದು 167 ರನ್. ಹಾಗಾಗಿ ನಾನಿಲ್ಲಿ ಹನ್ನೊಂದನೆಯವರು ಎನ್ನುತ್ತಿರುವುದು ಕೊನೆಗೆ ಬ್ಯಾಟ್ ಹಿಡಿಯುವವರನ್ನಲ್ಲ, ನಾವು ಕೊನೆಗೆ ಆರಿಸುವವರನ್ನು.

ಜಗಳವಿಲ್ಲದ ಈ ಹತ್ತು ಹೆಸರುಗಳ ಹಿಂದೆ ಒಂದು ಅಳತೆ ಅಡಗಿದೆ. ಹತ್ತೂ ಜನ ಭಾರತಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಟೆಸ್ಟ್ ಆಡಿದವರು. ಅಂದರೆ ಕರ್ನಾಟಕದ ತಂಡ ಎಂದು ನಾವು ಬರೆದದ್ದು ನಿಜವಾಗಿ ಭಾರತ ತಂಡದ ಆಯ್ಕೆಗಾರರು ಒಪ್ಪಿದ ಕನ್ನಡಿಗರ ಪಟ್ಟಿ. ಕರ್ನಾಟಕಕ್ಕಾಗಿ ಯಾರು ಏನು ಮಾಡಿದರು ಎಂದು ಕೇಳಿದರೆ ಬೇರೆ ಹೆಸರುಗಳು ತಲೆಯೆತ್ತುತ್ತವೆ. 1973-74ರಲ್ಲಿ ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕ ಸೆಮಿಫೈನಲಿನಲ್ಲಿ ಬಾಂಬೆಯನ್ನು ಹಿಂದಿಕ್ಕಿತು. ಸತತ 15 ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬಾಂಬೆ ಅಲ್ಲಿ ನಿಂತಿತು, ಮೊದಲ ಸಲ ಟ್ರೋಫಿ ನಮಗೆ ಬಂತು. ಆ ತಂಡದಲ್ಲಿ ಎಡಗೈ ಸ್ಪಿನ್ನರ್ ವಿಜಯಕೃಷ್ಣ ಇದ್ದರು. ಅವರು ಭಾರತಕ್ಕೆ ಒಂದು ಟೆಸ್ಟನ್ನೂ ಆಡಲಿಲ್ಲ. ಅವರ ನಂತರ ಬಂದ ರಘುರಾಮ್ ಭಟ್ 1981-82ರ ಸೆಮಿಫೈನಲಿನಲ್ಲಿ ಬಾಂಬೆ ವಿರುದ್ಧ ಹ್ಯಾಟ್ರಿಕ್ ಪಡೆದರು. ಅವರನ್ನು ಎದುರಿಸಲು ಸುನಿಲ್ ಗವಾಸ್ಕರ್ ಅದೇ ಪಂದ್ಯದಲ್ಲಿ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು. ಭಟ್ ಅವರಿಗೆ ಸಿಕ್ಕಿದ್ದು ಎರಡು ಟೆಸ್ಟ್. ಗವಾಸ್ಕರ್ ಅವರಂಥವರೇ ಕೈ ಬದಲಿಸಿ ಆಡಿದ ಬೌಲಿಂಗಿಗೆ ಎರಡು ಟೆಸ್ಟೇ ಬೆಲೆ ಎಂದು ನಾವೂ ಒಪ್ಪಿ ಮುಂದೆ ಹೋಗುತ್ತೇವೆ.

ಸಾಹಿತ್ಯದಲ್ಲಿ ನಾವು ಮಾಡುವುದೂ ಇದನ್ನೇ. ಶಾಲೆಯ ಗೋಡೆಗಳಲ್ಲಿ ಸಾಲಾಗಿ ತೂಗುವ ಜ್ಞಾನಪೀಠ ಪುರಸ್ಕೃತರ ಚಿತ್ರಗಳು ನಮ್ಮ ಸಾರ್ವಕಾಲಿಕ ತಂಡದ ಹಾಗಿವೆ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ್, ಕಂಬಾರ. ಇವರಲ್ಲಿ ಯಾರೂ ಅನರ್ಹರು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಗೋಡೆಯನ್ನು ನೋಡುತ್ತಾ ಬೆಳೆದ ಹುಡುಗನಿಗೆ ತೇಜಸ್ವಿ, ಲಂಕೇಶ್, ತ್ರಿವೇಣಿ, ಎಂ.ಕೆ. ಇಂದಿರಾ ಎರಡನೆಯ ಸಾಲಿನವರಂತೆ ಕಂಡರೆ ತಪ್ಪು ಹುಡುಗನದಲ್ಲ. ಬಾನು ಮುಷ್ತಾಕ್ ದಶಕಗಳಿಂದ ಕತೆ ಬರೆಯುತ್ತಿದ್ದವರು. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮಲ್ಲಿ ಎಷ್ಟೋ ಮಂದಿ ಅವರನ್ನು ಮೊದಲ ಸಲ ಓದಿದೆವು. ಹೊರಗಿನ ತೀರ್ಪು ಬರುವವರೆಗೆ ನಮ್ಮ ಅಳತೆಗೋಲು ಎಲ್ಲಿತ್ತು ಎಂದು ಕೇಳಿಕೊಂಡವರು ಕಡಿಮೆ.

ಪಟ್ಟಿಯ ಗೀಳು ಕನ್ನಡಕ್ಕೆ ಹೊಸದಲ್ಲ. ನಮಗೆ ಸಿಕ್ಕಿರುವ ಮೊದಲ ಕನ್ನಡ ಕೃತಿಯಾದ, ಸುಮಾರು 850ರ ‘ಕವಿರಾಜಮಾರ್ಗ’ದಲ್ಲೇ ಒಂದು ಸಾರ್ವಕಾಲಿಕ ತಂಡವಿದೆ. ಗದ್ಯದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ವಿಮಲ, ಉದಯ ಇಬ್ಬರೋ, ವಿಮಲೋದಯ ಎಂಬ ಒಬ್ಬರೋ ಎಂಬ ಚರ್ಚೆಯೂ ಇದೆ. ಆ ಪಟ್ಟಿ ಹೇಳಿದ ಗದ್ಯವಾಗಲಿ ಪದ್ಯವಾಗಲಿ ನಮ್ಮ ಕೈಗೆ ಬಂದಿಲ್ಲ. ಇವರನ್ನು ಯಾಕೆ ಆರಿಸಿದರು ಎಂಬುದನ್ನು ಓದಿ ಪರೀಕ್ಷಿಸುವ ದಾರಿ ಮುಚ್ಚಿಹೋಗಿದೆ, ಹೆಸರು ಮಾತ್ರ ಪರೀಕ್ಷೆಗೆ ಬರುತ್ತದೆ.

ಕ್ರಿಕೆಟ್ಟಿನಲ್ಲಿ ಇದು ತಿರುಗುಮುರುಗು. ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಒಂದು ನಮ್ಮ ಮೈಸೂರು. 1934ರ ನವೆಂಬರಿನಲ್ಲಿ ಚೆಪಾಕ್‌ನಲ್ಲಿ ಮದ್ರಾಸ್ ವಿರುದ್ಧ ಆಡಿ ಒಂದೇ ದಿನದಲ್ಲಿ ಸೋತಿತು. ಅದೇ ಮೈಸೂರು 1941-42ರಲ್ಲಿ ಫೈನಲ್ ತಲುಪಿತು, 1959-60ರಲ್ಲಿ ಮತ್ತೊಮ್ಮೆ. ಎರಡು ಸಲವೂ ಬಾಂಬೆ ಗೆದ್ದಿತು. ಆ ಆಟಗಾರರ ರನ್ನು, ವಿಕೆಟ್ಟು ಎಲ್ಲವೂ ದಾಖಲೆಯಲ್ಲಿ ಇವೆ, ಬೇಕೆಂದವರು ತೆಗೆದು ನೋಡಬಹುದು. ಆದರೆ ಅವರಲ್ಲಿ ಒಬ್ಬರ ಹೆಸರೂ ನಮ್ಮ ಹತ್ತರಲ್ಲಿಲ್ಲ. 90 ವರ್ಷದ ಚರಿತ್ರೆಗೆ ಸಾರ್ವಕಾಲಿಕ ಎಂದು ಹೆಸರಿಟ್ಟು ಮೊದಲ 25 ವರ್ಷಗಳಿಂದ ಯಾರನ್ನೂ ತೆಗೆದುಕೊಳ್ಳದೆ ಹೋದರೆ ಅದು ಸಾರ್ವಕಾಲಿಕ ಹೇಗಾದೀತು? ಅದು ನಮ್ಮ ಅಪ್ಪ, ಮಾವಂದಿರು ರೇಡಿಯೊ ಕೇಳಲು ಶುರುಮಾಡಿದ ಕಾಲದಿಂದ ಈಚಿನದು.

ಇದು ನಮ್ಮೊಬ್ಬರ ದೌರ್ಬಲ್ಯವಲ್ಲ. ಡಾನ್ ಬ್ರಾಡ್ಮನ್ ಅವರು ಆರಿಸಿಟ್ಟಿದ್ದ ವಿಶ್ವ ತಂಡ ಅವರು ತೀರಿಕೊಂಡ ಮೇಲೆ 2001ರಲ್ಲಿ ಹೊರಬಂತು. ಅದರಲ್ಲಿ ಏಳು ಜನ ಆಸ್ಟ್ರೇಲಿಯದವರು. ಆ ಏಳರಲ್ಲಿ ಒಬ್ಬರು ಬ್ರಾಡ್ಮನ್, ಐವರು ಅವರ ಜೊತೆಗೇ ಆಡಿದವರು. ಜಗತ್ತಿನ ಅತಿ ದೊಡ್ಡ ಬ್ಯಾಟ್ಸ್‌ಮನ್ ಎನಿಸಿಕೊಂಡವರ ಸಾರ್ವಕಾಲಿಕವೂ ಅವರ ಸ್ವಂತ ಕಾಲದ ಸುತ್ತಲೇ ಸುತ್ತಿತು. ನಮ್ಮಲ್ಲಿ ರಾಮಚಂದ್ರ ಗುಹಾ 1992ರ ‘ವಿಕೆಟ್ಸ್ ಇನ್ ದಿ ಈಸ್ಟ್’ ಪುಸ್ತಕದಲ್ಲಿ ರಣಜಿ ತಂಡಗಳ ಸಾರ್ವಕಾಲಿಕ ಹನ್ನೊಂದನ್ನು ಆರಿಸುವ ಆಟವನ್ನೇ ಚರಿತ್ರೆ ಹೇಳುವ ದಾರಿಯನ್ನಾಗಿ ಮಾಡಿಕೊಂಡರು. ಆಗ ಕುಂಬ್ಳೆ, ಶ್ರೀನಾಥ್ ಇನ್ನೂ ಹೊಸಬರು, ದ್ರಾವಿಡ್ ಟೆಸ್ಟ್ ಆಡಿರಲೇ ಇಲ್ಲ. ಇವತ್ತು ನಾವು ಯೋಚಿಸದೆ ಬರೆಯುವ ಮೂರು ಹೆಸರು ಅಂದು ಯಾರ ನಾಲಗೆಯ ಮೇಲೂ ಖಚಿತವಾಗಿ ಇರಲು ಸಾಧ್ಯವಿರಲಿಲ್ಲ. ಪಟ್ಟಿಯ ಕೆಳಗೆ ತಾರೀಕು ಹಾಕದಿದ್ದರೂ ಅದು ತನ್ನ ತಾರೀಕನ್ನು ತಾನೇ ಹೇಳುತ್ತದೆ.

ಪಟ್ಟಿಯ ಗಡಿ ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ಬೇಸ್‌ಬಾಲ್ 1999ರಲ್ಲಿ ಅಭಿಮಾನಿಗಳ ಮತ ಪಡೆದು ಶತಮಾನದ ತಂಡ ಕಟ್ಟಿತು. ಮತದಲ್ಲಿ ಬಿಟ್ಟುಹೋದ ಹಳಬರೆಂದು ಐವರನ್ನು ತಜ್ಞರ ಸಮಿತಿ ಆಮೇಲೆ ಸೇರಿಸಿತು. ಆದರೂ ಜಾಶ್ ಗಿಬ್ಸನ್ ಅದರಲ್ಲಿ ಇರಲಿಲ್ಲ. ಅವರು ಕಪ್ಪು ಜನ. 1947ರಲ್ಲಿ ಜಾಕಿ ರಾಬಿನ್ಸನ್ ಬರುವ ತನಕ ಬಿಳಿಯರ ಲೀಗಿನ ಬಾಗಿಲು ಮುಚ್ಚಿತ್ತು, ಗಿಬ್ಸನ್ ಆ ವರ್ಷವೇ ತೀರಿಕೊಂಡರು. ನೀಗ್ರೊ ಲೀಗ್‌ಗಳ ಅಂಕಿಅಂಶ 2024ರಲ್ಲಿ ಮುಖ್ಯ ದಾಖಲೆಗೆ ಸೇರಿದಾಗ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ ಟೈ ಕಾಬ್ ಅವರನ್ನು ದಾಟಿ ಮೊದಲ ಸ್ಥಾನಕ್ಕೆ ಬಂದರು. ಗಿಬ್ಸನ್ ಹೊಸದಾಗಿ ಒಂದು ರನ್ನನ್ನೂ ಗಳಿಸಲಿಲ್ಲ. ಲೆಕ್ಕಕ್ಕೆ ಯಾರು ಬರುತ್ತಾರೆ ಎಂಬುದಷ್ಟೇ ಬದಲಾಯಿತು.

ನಮ್ಮ ಪಟ್ಟಿಗೂ ಅಂಥ ಗಡಿ ಇದೆ. ಕರ್ನಾಟಕದ ಸಾರ್ವಕಾಲಿಕ ತಂಡ ಎಂದು ಬರೆದಾಗ ಪುರುಷರ ಎಂಬ ಮಾತನ್ನು ಮಾವನೂ ಸೇರಿಸಲಿಲ್ಲ, ನಾನೂ ಸೇರಿಸಲಿಲ್ಲ. ಸೇರಿಸಬೇಕೆಂದು ತೋಚಲೇ ಇಲ್ಲ. ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಗೆಲುವಿನ ನಾಯಕಿ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ. ಅವರು ವಿಶ್ವನಾಥ್ ಎದುರು ಆಡಲಿಲ್ಲವಲ್ಲ ಎನ್ನಬಹುದು. ಚಂದ್ರಶೇಖರ್ ಕೂಡ ಕೆ.ಎಲ್. ರಾಹುಲ್ ಎದುರು ಆಡಲಿಲ್ಲ. ಸಾರ್ವಕಾಲಿಕ ತಂಡ ಎಂಬುದೇ ಒಂದು ಕಲ್ಪನೆ. ಕಾಲದ ಗೋಡೆಯನ್ನು ದಾಟಲು ಬಿಡುವ ಕಲ್ಪನೆ ಈ ಗೋಡೆಯ ಮುಂದೆ ಮಾತ್ರ ಯಾಕೆ ನಿಲ್ಲುತ್ತದೆ ಎಂದು ಕೇಳುವುದು ನ್ಯಾಯ. ಶಾಂತಾ ಅವರನ್ನು ಉಪಕಾರವೆಂಬಂತೆ ಹನ್ನೊಂದನೆಯವರಾಗಿ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ನನ್ನ ಪಟ್ಟಿಯ ತಲೆಯಲ್ಲಿ ಪುರುಷರ ಎಂದು ಬರೆಯುತ್ತೇನೆ. ಪಟ್ಟಿ ತನ್ನ ಗಡಿಯನ್ನು ತಾನೇ ಒಪ್ಪಿಕೊಳ್ಳಲಿ.

ಈಗ ಹನ್ನೊಂದನೆಯ ಹೆಸರು. ಮಾವನದು ಸುನಿಲ್ ಜೋಶಿ. ನನ್ನದು ಆರ್. ವಿನಯ್ ಕುಮಾರ್. ಒಬ್ಬರು ಗದಗದವರು, ಇನ್ನೊಬ್ಬರು ದಾವಣಗೆರೆಯವರು. ಇದು ಬರೀ ಕಾಕತಾಳೀಯವಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಉಳಿದ ಹತ್ತು ಜನ ಹುಟ್ಟಿದ್ದು ಎಲ್ಲೇ ಆಗಿರಲಿ, ಹೆಚ್ಚಿನವರ ಆಟ ಕುದುರಿದ್ದು ಬೆಂಗಳೂರಿನಲ್ಲಿ. ಜಾವಗಲ್, ಕುಂಬ್ಳೆ ಎಂಬ ಊರುಗಳು ತಂಡದೊಳಗೆ ಬಂದದ್ದು ಹೆಸರಿನ ಮುಂದೆಯೋ ಹಿಂದೆಯೋ ಅಂಟಿಕೊಂಡು. ಜಿಲ್ಲೆಯ ಊರಿನಿಂದ ಬಂದವರು ಪೈಪೋಟಿ ಮಾಡುತ್ತಿರುವುದು ಒಂದೇ ಒಂದು ಖಾಲಿ ಕುರ್ಚಿಗೆ. ಬೆಟ್ಟದಪುರದಲ್ಲಿ ಟೆನಿಸ್ ಬಾಲ್ ಹಿಡಿದು ಬೆಟ್ಟದ ಕಡೆಯಿಂದ ಓಡಿಬಂದು ಬೌಲ್ ಮಾಡುತ್ತಿದ್ದ ನಮಗೆ ಆ ಕುರ್ಚಿಯೇ ಮುಖ್ಯ.

ವಿನಯ್ ಪರವಾಗಿ ನನ್ನಲ್ಲಿ ಅಂಕಿಗಳಿದ್ದವು. 2013-14, 2014-15 ಎರಡೂ ವರ್ಷ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದಿತು. ಎರಡನೆಯ ಸಲ ತಮಿಳುನಾಡು ವಿರುದ್ಧದ ಫೈನಲಿನಲ್ಲಿ ಐದು ವಿಕೆಟ್ ತೆಗೆದ ನಾಯಕನೇ ಶತಕವನ್ನೂ ಹೊಡೆದರು. ಭಾರತಕ್ಕೆ ಆಡಿದ್ದು ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ. ಹೊರಗಿನ ತೀರ್ಪಿಗೆ ತಲೆಬಾಗದೆ ಕರ್ನಾಟಕದ ಕೆಲಸವನ್ನೇ ಅಳೆಯಬೇಕೆಂಬ ನನ್ನ ವಾದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಆದರೆ ನನ್ನ ನಿಜವಾದ ಕಾರಣ ಬೇರೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್ ನಡೆಯಿತು. ಮಾವ ನನ್ನನ್ನು ಕರೆದುಕೊಂಡು ಹೋಗಿದ್ದರು, ನನಗಾಗ ಹನ್ನೆರಡು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ ಶತಕ ಹೊಡೆದರು. ಕರ್ನಾಟಕ 331ಕ್ಕೆ ಮುಗಿಯಿತು. ಆರು ರನ್. ಊರಿನ ಬಸ್ಸಿನಲ್ಲಿ ಮಾವ ಒಂದು ಮಾತೂ ಆಡಲಿಲ್ಲ. ವಿನಯ್ ಬೌಲಿಂಗನ್ನು ನಾನು ನೋಡಿದ್ದು ಅಲ್ಲೇ. ಬ್ರಾಡ್ಮನ್ ತಮ್ಮ ಜೊತೆಗಾರರನ್ನು ಆರಿಸಿದ ಹಾಗೆ ನಾನೂ ನನ್ನ ಹನ್ನೆರಡನೆಯ ವಯಸ್ಸನ್ನು ಆರಿಸುತ್ತಿದ್ದೆ, ಅಂಕಿಗಳನ್ನು ಆಮೇಲೆ ಹುಡುಕಿಕೊಂಡೆ.

ಮಾವನ ವಾದದಲ್ಲಿ ಅವರ ಪ್ರೀತಿಯೂ ಇತ್ತು, ತಂಡದ ಲೆಕ್ಕವೂ ಇತ್ತು. “ಹೊಸ ಚೆಂಡಿಗೆ ಶ್ರೀನಾಥ್, ಬಿನ್ನಿ ಇದಾರೆ. ಸ್ಪಿನ್ ಹಾಕೋ ಮೂವರದೂ ಬಲಗೈ. ಎಡಗೈಯವ್ನು ಬೇಡ್ವಾ? ಏಳನೇ ನಂಬರಲ್ಲಿ ಬ್ಯಾಟ್ ಹಿಡಿಯೋನು ಬೇಡ್ವಾ?” ಜೋಶಿ 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು, ಆ ವರ್ಷ ಟ್ರೋಫಿ ನಮಗೆ ಬಂತು. ಅವರನ್ನು ಆರಿಸಿದರೆ ವಿಜಯಕೃಷ್ಣ, ರಘುರಾಮ್ ಭಟ್ ಅವರ ಎಡಗೈ ಪರಂಪರೆಗೂ ತಂಡದಲ್ಲಿ ಒಬ್ಬ ವಾರಸುದಾರ ಸಿಗುತ್ತಾರೆ. ಈ ವಾದವನ್ನು ನಾನು ಹದಿನೈದು ವರ್ಷ ಒಪ್ಪಲಿಲ್ಲ. ಈಗ ಒಪ್ಪುತ್ತೇನೆ. ಹನ್ನೊಂದನೆಯ ಹೆಸರು ಸುನಿಲ್ ಜೋಶಿ.

ಇದರಿಂದ ಪಟ್ಟಿ ಸರಿಹೋಯಿತು ಎಂದಲ್ಲ. ನಾನು ಕಣ್ಣಾರೆ ಕಂಡ ಆ ನಾಲ್ಕು ದಿನಗಳಿಗೆ ಅದರಲ್ಲಿ ಜಾಗವಿಲ್ಲ. ಪಾಂಡೆ ಇಲ್ಲ, ವಿನಯ್ ಇಲ್ಲ, ಆರು ರನ್ನಿನ ಸೋಲು ಇಲ್ಲ. ಯಾವ ಪಟ್ಟಿಯಾದರೂ ಹೀಗೆ ಏನನ್ನೋ ಹೊರಗಿಟ್ಟೇ ಮುಗಿಯುತ್ತದೆ. ಸಾಹಿತ್ಯ ಚರಿತ್ರೆಗಳಿಂದಲೂ ನಾನೀಗ ಕೇಳುವುದು ಪೂರ್ಣವಾದ ಪಟ್ಟಿಯನ್ನಲ್ಲ. ಹನ್ನೊಂದನೆಯವರು ಯಾಕೆ ಬಂದರು, ಹನ್ನೆರಡನೆಯವರು ಯಾಕೆ ಬರಲಿಲ್ಲ ಎಂದು ಎರಡು ಸಾಲು ಬರೆದಿಡಲಿ, ಮುಂದಿನವರು ಜಗಳವಾಡಲು ಅಷ್ಟು ಸಾಕು. ಕವಿರಾಜಮಾರ್ಗದ ಪಟ್ಟಿಯ ಜೊತೆ ಕೃತಿಗಳೂ ಉಳಿದಿದ್ದರೆ ನಾವಿಂದು ಅದರೊಡನೆಯೂ ಜಗಳವಾಡುತ್ತಿದ್ದೆವು.

ಕಳೆದ ಸಲ ಊರಿಗೆ ಹೋದಾಗ ಮಾವನಿಗೆ, ನೀವು ಗೆದ್ದಿರಿ, ಜೋಶಿಯೇ ಸರಿ ಎಂದೆ. ಅವರು ಸೌದೆ ತಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಿನ್ನಿ ಬದಲು ಮಯಾಂಕ್ ಬಂದ್ರೆ ವಿನಯ್‌ಗೆ ಜಾಗ ಆಗ್ತದಾ ನೋಡು” ಎಂದರು.